ಸಹಾಯ ಬೇಕು: ಹಾವಿನ ರ‍್ಯಾಕ್‌ನಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿನಿಯಾಪೊಲಿಸ್‌ನಲ್ಲಿ. ನನ್ನ ಹತ್ತಿರ ನಾಲ್ಕು ಬಾಲ್ ಪೈಥಾನ್‌ಗಳಿವೆ (ವಿಷವಿಲ್ಲದ, ಚಿಕ್ಕ ಜಾತಿಯ ಹೆಬ್ಬಾವು). (ಊರಲ್ಲಿ ನಮ್ಮ ನಾಡಿನ ಹಾವು ಹಿಡಿದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಇವು ಆಫ್ರಿಕಾ ಮೂಲದವು, ಇಲ್ಲೇ ಸಾಕಣೆಯಲ್ಲಿ ಹುಟ್ಟಿದವು. ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ!)

ಮೆಲಮೈನ್ ಹಲಗೆಯಲ್ಲಿ ನಾನೇ, ಅಂತಸ್ತಿಗೊಂದು ಹಾವಿನ ಡಬ್ಬ ಕೂರುವ ಹಾಗೆ, ನಾಲ್ಕು ಅಂತಸ್ತಿನ ರ‍್ಯಾಕ್ ಮಾಡಿದ್ದೇನೆ. ಪ್ರತಿ ಹಲಗೆಯ ಹಿಂಭಾಗದಲ್ಲಿ ತೆಳುವಾಗಿ ತೋಡು ಕೊರೆದು ಹೀಟ್ ಟೇಪ್ (ಕರೆಂಟಿನಿಂದ ಬಿಸಿಯಾಗುವ ಚಪ್ಪಟೆ ಪಟ್ಟಿ) ಕೂರಿಸಿದ್ದೇನೆ. ಪ್ಲಾಸ್ಟಿಕ್ ಡಬ್ಬ ಎಳೆದಾಗ ಟೇಪ್ ಉಜ್ಜಬಾರದಲ್ವಾ, ಅದಕ್ಕೆ. ಎಲ್ಲದಕ್ಕೂ ಒಂದೇ ಥರ್ಮೋಸ್ಟಾಟ್ (ಬಿಸಿ ನಿಯಂತ್ರಿಸುವ ಸಾಧನ). ಅದರ ಪ್ರೋಬ್, ಅಂದ್ರೆ ಬಿಸಿ ಅಳೆಯುವ ತುದಿ, ಮೇಲಿನಿಂದ ಎರಡನೇ ಅಂತಸ್ತಿನಲ್ಲಿ, ಟೇಪ್ ಮತ್ತು ಡಬ್ಬದ ನಡುವೆ ಇದೆ.

ತೊಂದರೆ ಏನಂದ್ರೆ, ರ‍್ಯಾಕ್ ಇಟ್ಟಿರುವ ಬೇಸ್‌ಮೆಂಟ್ ಈಗ ಬರೀ 16 ಡಿಗ್ರಿ ಸೆಲ್ಸಿಯಸ್. ಡಬ್ಬದ ಬಿಸಿ ಬದಿ (ಟೇಪ್ ಇರುವ ಹಿಂಭಾಗ) 31-32 ಡಿಗ್ರಿ ಇರಬೇಕು. ಮೇಲಿನ ಡಬ್ಬ 34 ತೋರಿಸುತ್ತದೆ, ಕೆಳಗಿನದು 28 ದಾಟುವುದಿಲ್ಲ. ತಂಪು ಬದಿಯಂತೂ (ಮುಂಭಾಗ) ಎಲ್ಲ ಡಬ್ಬದಲ್ಲೂ 20ರ ಆಸುಪಾಸು. ಅಲ್ಲಿ 25 ಆದರೂ ಬೇಕು. ಟೇಪ್ ತಳ ಕಾಯಿಸುತ್ತದೆ, ಗಾಳಿ ಕಾಯಿಸುವುದಿಲ್ಲ, ಅದು ಗೊತ್ತು. ಕೆಳಗಿನ ಹಾವು ಎರಡು ವಾರದಿಂದ ಇಲಿ ಮುಟ್ಟಿಲ್ಲ. ಚಳಿಗಾಲದ ಉಪವಾಸವೋ, ಚಳಿಯೋ?

ಪ್ರತಿ ಅಂತಸ್ತಿಗೆ ಬೇರೆ ಥರ್ಮೋಸ್ಟಾಟ್ ಹಾಕಲೇಬೇಕಾ? ಹಿಂದೆ, ಪಕ್ಕಕ್ಕೆ ಫೋಮ್ ಹಲಗೆ ಅಂಟಿಸಿದರೆ ಸಾಕಾ? ಇಲ್ಲ, ಸುಮ್ನೆ ರೂಮಿಗೇ ಹೀಟರ್ ಇಡಲಾ? ಸದ್ಯಕ್ಕೆ ಮೇಲಿನ ಹಾವನ್ನು ಬೇರೆ ಡಬ್ಬಕ್ಕೆ ಹಾಕಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.