ಒಂದೇ ಒಂದು ಕೆಂಪು ಇ-ಟೈಪ್ ಕಟ್ಟಬೇಕು: ಸ್ಪ್ರೇ ಡಬ್ಬಿಯೋ, ಏರ್‌ಬ್ರಷ್ಷೋ? ಮಾಡಿದವರು ಅನುಭವ ಹೇಳಿ

ಕೆಂಪುಬಾಡಿ

ಜಾಗ್ವಾರ್ ಇ-ಟೈಪ್ ಕೂಪೆಯ 1/24 (ನಿಜವಾದ ಕಾರಿನ 24ನೇ ಒಂದು ಅಳತೆ) ಪ್ಲಾಸ್ಟಿಕ್ ಕಿಟ್ ಕೈಯಲ್ಲಿದೆ. ಮೊದಲ ಸರಣಿಯ ಕಾರು, ಹೆಡ್‌ಲೈಟಿಗೆ ಗಾಜಿನ ಮುಚ್ಚಳ ಇರುವುದು. ಇದುವರೆಗೆ ವಿಮಾನ ಮತ್ತು ಟ್ಯಾಂಕುಗಳನ್ನು ಕಟ್ಟಿದ್ದೇನೆ. ಅವೆಲ್ಲ ಮಂಕು ಬಣ್ಣದವು, ಕುಂಚದಲ್ಲೇ ಮುಗಿದವು. ಕಾರಿನ ಹೊಳಪು ನನಗೆ ಹೊಸದು. ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು ಬೇಕು. ಗಾಳಿಯ ಒತ್ತಡ ಕೊಡುವ ಕಂಪ್ರೆಸರ್ ಇಲ್ಲ, ಕೋಣೆ ಚಿಕ್ಕದು, ಕಿಟಕಿ ಒಂದೇ. ಇದಾದ ಮೇಲೆ ಇನ್ನೊಂದು ಕಾರು ಕಟ್ಟುವ ವಿಚಾರವಿಲ್ಲ. ಈ ಒಂದಕ್ಕಾಗಿ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಕೊಳ್ಳಬೇಕೇ? ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಲೇಬೇಕೇ?

ಸೂಜಿಮೊನೆ

ಏರ್‌ಬ್ರಷ್ ಕೊಳ್ಳಿ. ಡಬ್ಬಿಯ ಸಹವಾಸ ಬೇಡ. 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಟ್ಟುತ್ತಿದ್ದೆ. ಬಣ್ಣಕ್ಕೆ ಮೊದಲು ಕೊಡುವ ತಳದ ಲೇಪ, ಅಂದರೆ ಪ್ರೈಮರ್, ನುಣುಪಾಗಿ ಬಂದಿತ್ತು, ಮೊದಲ ಎರಡು ಲೇಪವೂ ಚೆನ್ನಾಗಿ ಕೂತಿತ್ತು. ಕೊನೆಯ ಹಸಿ ಲೇಪದ ಹೊತ್ತಿಗೆ ಡಬ್ಬಿಯೊಳಗಿನ ಒತ್ತಡ ಇಳಿದು, ಬಾನೆಟ್ಟಿನ ನಟ್ಟನಡುವೆ ದಪ್ಪ ಹನಿ ಉಗುಳಿತು. ಒಣಗಲು ಬಿಟ್ಟು ಉಜ್ಜಿ ನೋಡಿದೆ, ಹನಿಯ ಸುತ್ತ ಉಂಗುರ ಉಳಿಯಿತು. ಇಡೀ ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮುಳುಗಿಸಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಬಣ್ಣ ತೆಗೆಯಬೇಕಾಯಿತು. ಬಾಗಿಲಿನ ಸೀಳುಗೆರೆಯಲ್ಲಿ ಸಿಕ್ಕಿಕೊಂಡ ಪ್ರೈಮರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದನ್ನು ಸೂಜಿಯಲ್ಲಿ ಕೆದಕುವಾಗ ಗೆರೆಯ ಅಂಚೇ ಸವೆಯಿತು.

ಆಮೇಲೆ ಕೊಂಡದ್ದು ಇವು: 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್, ತೊಟ್ಟಿ ಇರುವ ಕಂಪ್ರೆಸರ್, ರೆಗ್ಯುಲೇಟರ್, ನೀರು ಹಿಡಿಯುವ ಟ್ರ್ಯಾಪ್, ಕೊಳವೆ, ಹೊಗೆ ಹೊರಗೆ ಹಾಕುವ ಫ್ಯಾನ್ ಪೆಟ್ಟಿಗೆ, ಮಾಸ್ಕ್, ಮಾಸ್ಕಿನ ಕಾರ್ಟ್ರಿಡ್ಜುಗಳು, ಒಂದು ಹೆಚ್ಚುವರಿ ಸೂಜಿ, ಒಂದು ಹೆಚ್ಚುವರಿ ಮೂತಿ. ತೊಳೆಯಲು ಬೇಕಾಗುವ ಥಿನ್ನರ್ ಬಣ್ಣಕ್ಕಿಂತ ಬೇಗ ಖರ್ಚಾಗುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಟ್ಟು ಖರ್ಚು ಕಿಟ್‌ನ ಬೆಲೆಯ ಹಲವು ಪಟ್ಟು. ಹಣ ದಂಡವಾಯಿತೆಂದು ಒಂದು ದಿನವೂ ಅನಿಸಿಲ್ಲ. ಒಂದು ಪಾಲು ಮಿಸ್ಟರ್ ಕಲರ್ ಬ್ರ್ಯಾಂಡಿನ ಲ್ಯಾಕರಿಗೆ (ಬೇಗ ಒಣಗುವ, ಕಟು ದ್ರಾವಕದ ಬಣ್ಣ) ಎರಡು ಪಾಲು ಲೆವೆಲಿಂಗ್ ಥಿನ್ನರ್, ಗಾಳಿಯ ಒತ್ತಡ 20 ಪಿಎಸ್‌ಐ ಆಸುಪಾಸು. ಬಣ್ಣ ತಾನೇ ಮಟ್ಟವಾಗಿ ಹರಡಿಕೊಳ್ಳುತ್ತದೆ.

ಬೆಳ್ಳಿಬಾಣ

ಮೇಲಿನವರು ಡಬ್ಬಿಯ ಮೇಲೆ ಹೊರಿಸಿದ ಅಪವಾದಕ್ಕೆ ಉತ್ತರ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಮುಕ್ಕಾಲು ಖಾಲಿಯಾದ ಡಬ್ಬಿಯಲ್ಲಿ ಕೊನೆಯ ಲೇಪ ಹೊಡೆಯಬಾರದು ಎಂಬುದು ಡಬ್ಬಿ ಹಿಡಿಯುವವರಿಗೆಲ್ಲ ಗೊತ್ತಿರುವ ಸಂಗತಿ. ಕೊನೆಯ ಲೇಪಕ್ಕೆ ಹೊಸ ಡಬ್ಬಿ, ಅಷ್ಟೇ.

ನನ್ನ ಮರ್ಸಿಡಿಸ್ 300 ಎಸ್‌ಎಲ್ ಪೂರ್ತಿ ಡಬ್ಬಿಯದೇ. ಬಾಗಿಲು ಮೇಲಕ್ಕೆ ತೆರೆದುಕೊಳ್ಳುವ 1954ರ ಆ ಕಾರು ನನಗೆ ಪ್ರಾಣ. ತಮಿಯಾ ಕಂಪನಿಯ ಕಿಟ್‌ನಲ್ಲಿ ಕೊಳವೆಗಳ ಚೌಕಟ್ಟು, ಎಡಕ್ಕೆ ವಾಲಿಸಿ ಕೂರಿಸಿದ ಎಂಜಿನ್ ಎಲ್ಲವೂ ಇವೆ. ಆ ಚೌಕಟ್ಟಿನಿಂದಾಗಿಯೇ ಬಾಗಿಲಿನ ಹೊಸ್ತಿಲು ಅಷ್ಟು ಎತ್ತರ, ಬಾಗಿಲು ಮೇಲಕ್ಕೆ ತೆರೆಯುವುದೂ ಅದರಿಂದಲೇ. ಬೆಳ್ಳಿ ಬಣ್ಣವನ್ನು ಡಬ್ಬಿಯಿಂದ ಹೊಡೆಯುವುದು ಕೆಂಪಿಗಿಂತ ಕಷ್ಟ, ಏಕೆಂದರೆ ಒಂದೆಡೆ ಹಸಿ ಹೆಚ್ಚಾದರೂ ಲೋಹದ ಹುಡಿ ತೇಲಿ ಮಚ್ಚೆಯಾಗುತ್ತದೆ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ತೆಗೆಯುತ್ತೇನೆ. ಒತ್ತಡ ಹೆಚ್ಚಿ ಹನಿ ಸಣ್ಣದಾಗುತ್ತದೆ. ಕುದಿಯುವ ನೀರು ಎಂದಿಗೂ ಬೇಡ, ಡಬ್ಬಿ ಸಿಡಿಯುತ್ತದೆ. ಬಾಡಿಯ ಹೊರಗೆ ಗುಂಡಿ ಒತ್ತಿ, ಬಾಡಿಯನ್ನು ದಾಟಿದ ಮೇಲೆ ಬಿಡಬೇಕು. ಮೊದಲು ಮಂಜು ಹಾಯಿಸಿದಷ್ಟೇ ತೆಳುವಾಗಿ, ಕೊನೆಗೊಂದು ಹಸಿ ಲೇಪ. ತೇವದ ದಿನ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಕಟ್ಟುತ್ತದೆ, ಆ ದಿನ ಕೈ ಕಟ್ಟಿ ಕೂರಬೇಕು. ನನ್ನ ಖರ್ಚು ಒಂದು ಪ್ರೈಮರ್, ಎರಡು ಬೆಳ್ಳಿ, ಒಂದು ಕ್ಲಿಯರ್. ಕೊಳವೆಯೂ ಇಲ್ಲ, ಟ್ರ್ಯಾಪೂ ಇಲ್ಲ.

ಸೂಜಿಮೊನೆ

ಡಬ್ಬಿ ಹೊಸದೇ ಆಗಿತ್ತು ಸ್ವಾಮಿ. ನಾನು ಮುಕ್ಕಾಲು ಖಾಲಿ ಡಬ್ಬಿ ಹಿಡಿದಿದ್ದೆನೆಂದು ನಿಮಗೆ ಹೇಳಿದವರು ಯಾರು? ಇರಲಿ, ದಪ್ಪದ ಲೆಕ್ಕ ಹಾಕಿ. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ 0.1 ಮಿಲಿಮೀಟರ್ ಕೂತರೆ, ನಿಜವಾದ ಕಾರಿನ ಅಳತೆಯಲ್ಲಿ ಅದು 2.4 ಮಿಲಿಮೀಟರ್. ಇಷ್ಟು ದಪ್ಪ ಬಣ್ಣ ಬಳಿದ ಕಾರನ್ನು ಯಾರಾದರೂ ನೋಡಿದ್ದಾರೆಯೇ? ಡಬ್ಬಿ ಒಮ್ಮೆಗೆ ಸುರಿಯುವ ಬಣ್ಣಕ್ಕೆ ಬಾಗಿಲ ಗೆರೆಗಳು ಮುಚ್ಚಿಹೋಗುತ್ತವೆ. ನಿಮ್ಮ ಬೆಳ್ಳಿಯ ಲೋಹದ ಹುಡಿಯನ್ನೂ 24 ಪಟ್ಟು ಹಿಗ್ಗಿಸಿ ಯೋಚಿಸಿ.

ಬೆಳ್ಳಿಬಾಣ

ಗೆರೆಗಳನ್ನು ಪ್ರೈಮರಿಗೆ ಮೊದಲೇ ಕೊರೆದು ಆಳ ಮಾಡಿಕೊಂಡರೆ ಯಾವ ಡಬ್ಬಿಯೂ ಮುಚ್ಚುವುದಿಲ್ಲ. ಬ್ಲೇಡಿನ ಬೆನ್ನನ್ನು ಹಗುರವಾಗಿ ಎಳೆಯುತ್ತಾ ಬಂದರೆ ಪ್ಲಾಸ್ಟಿಕ್ ಸುರುಳಿಯಾಗಿ ಏಳುತ್ತದೆ, ಅಷ್ಟರ ಮಟ್ಟಿಗೆ ಗೆರೆ ಇಳಿಯುತ್ತದೆ. ಹುಡಿಯ ವಿಷಯಕ್ಕೆ ಬಂದರೆ, ಮಾದರಿಗೆಂದೇ ಮಾಡಿದ ಬೆಳ್ಳಿಯಲ್ಲಿ ಹುಡಿ ಸಣ್ಣದಾಗಿಯೇ ಇರುತ್ತದೆ. ನಿಜವಾದ ಕಾರಿನ ಟಚ್-ಅಪ್ ಬಣ್ಣ ತಂದು ಸುರಿಯುವವರಿಗೆ ಈ ಮಾತು ಹೇಳಿ.

ಹಳೆಯ ಕುಂಚ

ಕೇಳಿದವರು ಕುಂಚ ಹಿಡಿದು ಪಳಗಿದವರು. ಇಬ್ಬರೂ ಸೇರಿ ಅವರ ಕೈಯಿಂದ ಕುಂಚ ಕಿತ್ತುಕೊಳ್ಳುತ್ತಿದ್ದೀರಿ. ಎನಾಮೆಲ್ ಎಂಬ ಎಣ್ಣೆಬಣ್ಣ ನಿಧಾನವಾಗಿ ಒಣಗುತ್ತದೆ, ಆ ನಿಧಾನವೇ ಅದರ ಗುಣ. ಕುಂಚದ ಗೆರೆ ತಾನೇ ತುಂಬಿಕೊಳ್ಳಲು ಅದಕ್ಕೆ ಪುರುಸೊತ್ತು ಇರುತ್ತದೆ. ಹಂಬ್ರಾಲ್‌ನ 14 ಮಿಲಿಲೀಟರ್ ಎನಾಮೆಲ್ ಡಬ್ಬಿಯಲ್ಲಿ ನನ್ನ ಎಷ್ಟೋ ಕಾರುಗಳು ಮುಗಿದಿವೆ. ಅಗಲವಾದ ಮೆತ್ತನೆಯ ಕುಂಚ, ತೆಳು ಮಾಡಿದ ಬಣ್ಣ, ಒಂದೇ ದಿಕ್ಕು. ಮತ್ತೆ ಮತ್ತೆ ಅದೇ ಜಾಗಕ್ಕೆ ಕುಂಚ ಹಚ್ಚಬಾರದು. ಲೇಪ ಗಟ್ಟಿಯಾದ ಮೇಲೆ ನೀರಿನಲ್ಲಿ ಅದ್ದಿದ 2000 ನಂಬರಿನ ಉಜ್ಜುಕಾಗದದಿಂದ ಹಗುರವಾಗಿ ಉಜ್ಜಿ ಮುಂದಿನ ಲೇಪ ಕೊಡಬೇಕು.

ನನ್ನ ನೋವು ಒಂದೇ. ಎನಾಮೆಲ್ ಮೇಲೆ ಲ್ಯಾಕರ್ ಕ್ಲಿಯರ್ ಹೊಡೆಯಬಹುದೆಂದು ಒಬ್ಬರು ಖಂಡಿತವಾಗಿ ಹೇಳಿದ್ದರು. ಹೊಡೆದ ಕೆಲವೇ ನಿಮಿಷಗಳಲ್ಲಿ ನನ್ನ ಕಡುಹಸಿರು ಕಾರಿನ ಮಾಡಿನ ಬಣ್ಣ ಸುಕ್ಕುಗಟ್ಟಿ ಎದ್ದು ನಿಂತಿತು. ಲ್ಯಾಕರಿನ ದ್ರಾವಕ ಕೆಳಗಿನ ಎನಾಮೆಲನ್ನು ಕಡಿಯುತ್ತದೆ. ಲ್ಯಾಕರ್ ಮೇಲೆ ಎನಾಮೆಲ್ ನಿಲ್ಲುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ನಿಲ್ಲದು. ಆ ಸಲಹೆ ಕೊಟ್ಟವರು ಆಮೇಲೆ ಮಾತೇ ಎತ್ತಲಿಲ್ಲ.

ಗಟ್ಟಿಲೇಪ

ಕುಂಚದಿಂದ ಮುಖ ಕಾಣುವ ಹೊಳಪು ಬರುವುದಿಲ್ಲ, ಹಿರಿಯರು ಬೇಸರ ಮಾಡಿಕೊಳ್ಳಬಾರದು. ಹೊಳಪು ಬೇಕೆಂದರೆ ಗಟ್ಟಿಕಾರಕ ಬೆರೆಸುವ ಎರಡು ಭಾಗದ ಯುರೇಥೇನ್ ಕ್ಲಿಯರ್ ಒಂದೇ ದಾರಿ. ಕಿತ್ತಳೆ ಸಿಪ್ಪೆಯಂಥ ತರಿಯನ್ನು 3000ದಿಂದ 12000 ನಂಬರಿನವರೆಗೆ ಉಜ್ಜಿ, ಮೂರು ಬಗೆಯ ಪಾಲಿಶ್ ಕಾಂಪೌಂಡ್ ತಿಕ್ಕಿ ಬೆರಳು ಸವೆಸಿಕೊಂಡವನು ನಾನು. ಅಷ್ಟು ಉಜ್ಜಿದಾಗ ಮಡ್‌ಗಾರ್ಡಿನ ಏಣಿನಲ್ಲಿ ಬಣ್ಣ ಹರಿದು ಪ್ರೈಮರ್ ಇಣುಕಿತು. ಯುರೇಥೇನಿಗೆ ಬದಲಾದ ಮೇಲೆ ಉಜ್ಜುವ ಮಾತೇ ಇಲ್ಲ. ಬೆರೆಸಿದ್ದನ್ನು ಹೊತ್ತು ಮೀರುವುದರೊಳಗೆ ಹೊಡೆದು ಮುಗಿಸಬೇಕು, ಉಳಿದದ್ದು ಬಟ್ಟಲಲ್ಲೇ ಕಲ್ಲಾಗುತ್ತದೆ. ಹಾಗೆ ಕಲ್ಲಾದ ಕ್ಲಿಯರಿಗೆ ನನ್ನ ಒಂದು ಏರ್‌ಬ್ರಷ್ಷಿನ ಮೂತಿಯೂ ಬಲಿಯಾಗಿದೆ. ಆದರೂ ಈಗ ಬೇರೆ ಯಾವುದನ್ನೂ ಮುಟ್ಟುವುದಿಲ್ಲ.

ಉಸಿರು ಮೊದಲು

ಒಂದೇ ಕಿಟಕಿಯ ಚಿಕ್ಕ ಕೋಣೆ ಎಂದು ಅವರು ಬರೆದದ್ದನ್ನು ಓದಿದಿರಾ? ಆ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದೆ. ಶ್ವಾಸನಾಳ ಅದಕ್ಕೆ ಒಮ್ಮೆ ಸೂಕ್ಷ್ಮವಾಯಿತೆಂದರೆ, ಆಮೇಲೆ ತೀರಾ ಸ್ವಲ್ಪ ಆವಿಯೂ ಅಸ್ತಮಾ ಎಬ್ಬಿಸುತ್ತದೆ. ಮಾಸ್ಕಿನ ಇದ್ದಿಲು ಮುಗಿದಾಗ ಎಚ್ಚರಿಸುವಂಥ ವಾಸನೆಯೂ ಅದಕ್ಕಿಲ್ಲ. ಕಾರುಗಳ ಬಣ್ಣದ ಕಾರ್ಖಾನೆಗಳಲ್ಲಿ ಹೊರಗಿನ ಶುದ್ಧ ಗಾಳಿ ಕೊಳವೆಯಲ್ಲಿ ತರುವ ಮಾಸ್ಕ್ ಬಳಸುವುದು ಸುಮ್ಮನೆ ಅಲ್ಲ. ಬಣ್ಣದಂಗಡಿಯ ಕೆಲಸದಿಂದ ನನ್ನ ಅಣ್ಣನ ಉಸಿರು ಕೆಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೆಟ್ಟಿಲು ಹತ್ತಲು ಅವನು ಈಗಲೂ ನಡುವೆ ನಿಲ್ಲುತ್ತಾನೆ. 'ಒಂದೇ ದಾರಿ' ಎಂದು ಬರೆಯುವಾಗ ಇದನ್ನೂ ಬರೆಯಬೇಕಿತ್ತು.

ಗಟ್ಟಿಲೇಪ

ನಾನು ಮಾಸ್ಕ್ ಇಲ್ಲದೆ ಹೊಡೆಯಿರಿ ಎಂದೆನೇ? ನನ್ನ ಬಳಿ ಗಾಳಿಕೊಳವೆಯ ಮಾಸ್ಕ್ ಇದೆ, ಕೈಗವಸು ಇದೆ, ಹೊಡೆಯುವುದು ಹೊರಗಿನ ಶೆಡ್ಡಿನಲ್ಲಿ. ನಿಮ್ಮ ಅಣ್ಣನವರ ವಿಷಯಕ್ಕೆ ನಿಜವಾಗಿ ಬೇಸರವಾಗುತ್ತದೆ. ಹಾಗೆಂದು ನನ್ನನ್ನು ಜನರ ಪ್ರಾಣಕ್ಕೆ ಕುತ್ತು ತರುವವನೆಂದು ಬಿಂಬಿಸಬೇಡಿ.

ಉಸಿರು ಮೊದಲು

ನಿಮ್ಮ ಮೊದಲ ಉತ್ತರದಲ್ಲಿ ಶೆಡ್ಡೂ ಇರಲಿಲ್ಲ, ಮಾಸ್ಕೂ ಇರಲಿಲ್ಲ. ಕೇಳಿದ ಮೇಲೆ ಬಂದವು. ಮಾಮೂಲಿ ಲ್ಯಾಕರ್ ಡಬ್ಬಿಗೂ ಸಾವಯವ ಆವಿ ತಡೆಯುವ ಮಾಸ್ಕ್ ಬೇಕೇ ಬೇಕು. ಕಿಟಕಿ ತೆರೆದಿಟ್ಟರೆ ಸಾಲದು.

ತಂತಿಚಕ್ರ

ಬಣ್ಣದಲ್ಲೇ ಎಲ್ಲರೂ ಮುಳುಗಿದ್ದೀರಿ. ಇ-ಟೈಪನ್ನು ಕೆಡಿಸುವುದು ಕ್ರೋಮ್ ಮತ್ತು ಚಕ್ರ. ನಿಜವಾದ ಚಕ್ರದಲ್ಲಿ 72 ತಂತಿಗಳು. ಕಿಟ್‌ನ ಪ್ಲಾಸ್ಟಿಕ್ ತಂತಿಗಳನ್ನು ಹಾಗೇ ಬಿಟ್ಟರೆ ಕಾರು ಎಷ್ಟು ಹೊಳೆದರೂ ಆಟಿಕೆಯೇ. ಲೋಹದ ಹಾಳೆಯಲ್ಲಿ ಕೊರೆದ ತಂತಿಗಳ ಸೆಟ್ ತರಿಸಿದೆ. ಒಂದು ಚಕ್ರದ ಒಂದು ಪದರ ದಾರಿಯಲ್ಲೇ ಬಾಗಿತ್ತು. ಮಾರಿದವರು ಬದಲಿಸಿಕೊಡಲಿಲ್ಲ, ಇಡೀ ಸೆಟ್ಟನ್ನೇ ಮತ್ತೆ ಕೊಳ್ಳಬೇಕಾಯಿತು. ಹೀಗಾಗಿ ನನ್ನ ಚಕ್ರಗಳಿಗೆ ಕಿಟ್‌ಗಿಂತ ಹೆಚ್ಚು ಹಣ ಹೋಗಿದೆ. ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದಾಗ ಆ ನೋವೆಲ್ಲ ಮರೆಯಿತು.

ಕಿಟಕಿಯ ಸುತ್ತಲಿನ ಕ್ರೋಮಿಗೆ ಬೇರ್-ಮೆಟಲ್ ಫಾಯಿಲ್, ಅಂದರೆ ಹಿಂದೆ ಅಂಟು ಇರುವ ತೆಳು ಲೋಹದ ಹಾಳೆ. ಹೊಸ ಬ್ಲೇಡ್ ಹಾಕದೆ ಕತ್ತರಿಸಿದರೆ ಹರಿಯುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ನೀವಿ ನೀವಿ ಅಂಚಿಗೆ ಕೂರಿಸಬೇಕು. ಹಿಂದಿನ ಅಕ್ಷರಗಳಿಗೆ ಒಂದು ಉಪಾಯವಿದೆ: ಬಣ್ಣಕ್ಕೆ ಮೊದಲು ಅಕ್ಷರಗಳ ಮೇಲೆ ಫಾಯಿಲ್ ಅಂಟಿಸಿ, ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಥಿನ್ನರ್ ತಾಗಿಸಿದ ಬಟ್ಟೆಯಿಂದ ಉಬ್ಬಿದ ಭಾಗವನ್ನಷ್ಟೇ ಒರೆಸಿ. ಅಕ್ಷರ ಮಾತ್ರ ಬೆಳ್ಳಿಯಾಗಿ ಎದ್ದು ಬರುತ್ತದೆ. ಕುಂಚದಲ್ಲಿ ಹೀಗೆ ಬರೆಯಲು ಯಾರಿಂದಲೂ ಆಗದು.

ಸೂಜಿಮೊನೆ

ಫಾಯಿಲ್ ಹಳೆಯ ಕಾಲದ ಮಾತು. ಮೊಲೊಟೊ ಕ್ರೋಮ್ ಪೆನ್ ಇರುವಾಗ ಬ್ಲೇಡ್ ಹಿಡಿದು ಬಾಡಿಯ ಮೇಲೆ ಗೀರು ಬೀಳಿಸುವುದೇಕೆ?

ತಂತಿಚಕ್ರ

ಆ ಪೆನ್ನಿನ ಶಾಯಿ ಪೂರ್ತಿ ಗಟ್ಟಿಯಾಗಲು ದಿನಗಳು ಬೇಕು. ಅದಕ್ಕೆ ಮೊದಲು ಬೆರಳು ತಾಗಿದರೆ ಹೊಳಪು ಹೋಗಿ ಬೂದಾಗುತ್ತದೆ. ಮೇಲೆ ಕ್ಲಿಯರ್ ಬಿದ್ದರೂ ಅದೇ ಗತಿ. ಕಾರುಗಳನ್ನು ಕೈಗೆತ್ತಿ ತೋರಿಸುವವನು ನಾನು, ನನಗೆ ಫಾಯಿಲೇ ಸರಿ. ಕೈ ನಡುಗದವರಿಗೆ ಗೀರು ಬೀಳುವುದಿಲ್ಲ.

ಬೆಳ್ಳಿಬಾಣ

ಕೆಂಪು ಎಂದಿದ್ದಾರೆ, ಯಾವ ಕೆಂಪು ಎಂದು ಯಾರೂ ಕೇಳಲಿಲ್ಲ. ಮೊದಲ ಸರಣಿಯ ಇ-ಟೈಪಿಗೆ ಕಾರ್ಮೆನ್ ಕೆಂಪು. ಇಟಲಿಯ ಕಾರುಗಳ ಕೆಂಪನ್ನು ಇದಕ್ಕೆ ಬಳಿದರೆ ನನ್ನ ಕಣ್ಣಿಗೆ ಚುಚ್ಚುತ್ತದೆ. ಕೆಳಗೆ ಗುಲಾಬಿ ಪ್ರೈಮರ್ ಇರಲಿ. ಬೂದು ಪ್ರೈಮರ್ ಮೇಲೆ ಕೆಂಪು ಮಂಕಾಗುತ್ತದೆ, ಮಂಕು ಕಳೆಯಲೆಂದು ಲೇಪ ಏರಿಸುತ್ತಾ ಹೋಗಬೇಕಾಗುತ್ತದೆ.

ತಂತಿಚಕ್ರ

1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ತೋರಿಸಿದ ಕೂಪೆ ಗನ್‌ಮೆಟಲ್ ಬೂದು. ಇ-ಟೈಪಿಗೆ ಒಪ್ಪುವ ಬಣ್ಣ ಅದೇ. ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್ಟಿನ ಬೀಗ ಹೊರಗಡೆ ಇತ್ತು, ಕೀಲಿ ಹಾಕಿ ತಿರುಗಿಸಿ ತೆರೆಯಬೇಕಿತ್ತು. ಆಮೇಲೆ ಬೀಗ ಒಳಗೆ ಹೋಯಿತು. ಕಟ್ಟುವವರು ಯಾವ ವರ್ಷದ ಕಾರೆಂದು ಮೊದಲು ತೀರ್ಮಾನಿಸಲಿ.

ಹಳೆಯ ಕುಂಚ

ಮೊದಲ ಕಾರು ಕಟ್ಟುವವರಿಗೆ ಬಾನೆಟ್ಟಿನ ಬೀಗದ ಪಾಠ! ಅವರು ಓಡಿಹೋಗದಿದ್ದರೆ ಪುಣ್ಯ.

ತಂತಿಚಕ್ರ

ವಿಮಾನ ಕಟ್ಟುವಾಗ ರಿವೆಟ್ ಎಣಿಸಿದವರಿಗೆ ಬೀಗ ಭಾರವಾಗುವುದಿಲ್ಲ. ನೀವು ಅವರ ಪರವಾಗಿ ಹೆದರಬೇಡಿ.

ಕೆಂಪುಬಾಡಿ

ಎಲ್ಲರಿಗೂ ವಂದನೆ. ಗುಲಾಬಿ ಪ್ರೈಮರ್, ಎರಡು ಡಬ್ಬಿ ಕೆಂಪು ಲ್ಯಾಕರ್, ಆವಿ ತಡೆಯುವ ಮಾಸ್ಕ್ ತರಿಸಿದ್ದೇನೆ. ಹೊಡೆಯುವುದು ತಾರಸಿಯ ಮೇಲೆ, ಗಾಳಿ ಇಲ್ಲದ ಹೊತ್ತಿನಲ್ಲಿ. ಯುರೇಥೇನ್ ಬೇಡ ಎಂದುಕೊಂಡೆ. ಇನ್ನೊಂದು ಅನುಮಾನ: ನನ್ನ ಕಿಟ್‌ನಲ್ಲಿ ಬಾನೆಟ್ ಬೇರೆಯೇ ತುಂಡು. ಬೇರೆಯಾಗಿ ಹೊಡೆಯಬೇಕೋ, ಕೂಡಿಸಿ ಹೊಡೆಯಬೇಕೋ?

ಬೆಳ್ಳಿಬಾಣ

ಕೂಡಿಸಿಯೇ ಹೊಡೆಯಿರಿ. ಒಳಗಿನಿಂದ ಟೇಪಿನ ತುಣುಕು ಅಂಟಿಸಿ, ಸೀಳು ಎರಡೂ ಬದಿಗೆ ಸಮನಾಗಿರುವಂತೆ ಕೂರಿಸಿ. ಬೇರೆ ಬೇರೆ ಹೊಡೆದರೆ ಲೇಪದ ದಪ್ಪ ಹೆಚ್ಚುಕಡಿಮೆಯಾಗಿ ಎರಡು ಕೆಂಪಾಗುತ್ತದೆ.

ಸೂಜಿಮೊನೆ

ಕೂಡಿಸಿ ಹೊಡೆದರೆ ಡಬ್ಬಿಯ ಬಣ್ಣ ಸೀಳಿನಲ್ಲಿ ಇಳಿದು ಬಾನೆಟ್ ಅಂಟಿಕೊಳ್ಳುತ್ತದೆ. ಬೇರೆಯಾಗಿ ಹೊಡೆಯಿರಿ, ಎರಡನ್ನೂ ಒಂದೇ ಹಿಡಿಕೆಗೆ ಅಕ್ಕಪಕ್ಕ ಕಚ್ಚಿಸಿ, ಒಂದೇ ಬೀಸಿನಲ್ಲಿ.

ಬೆಳ್ಳಿಬಾಣ

ಡಬ್ಬಿ ಹಿಡಿಯುವುದನ್ನೇ ಬಿಟ್ಟವರು ಡಬ್ಬಿಯ ಬಣ್ಣ ಎಲ್ಲಿ ಇಳಿಯುತ್ತದೆಂದು ಹೇಳುವುದು ಬೇಡ. ಪ್ರತಿ ಲೇಪ ಮುಟ್ಟಲು ಒಣಗಿದ ಮೇಲೆ ಟೇಪ್ ಸಡಿಲಿಸಿ ಬಾನೆಟ್ಟನ್ನು ಕೂದಲೆಳೆಯಷ್ಟು ಅಲುಗಿಸಿ ಮತ್ತೆ ಕೂರಿಸಿ, ಅಂಟಿಕೊಳ್ಳುವುದಿಲ್ಲ. ನನ್ನ ಎಸ್‌ಎಲ್‌ನ ಬಾಗಿಲು ಎರಡೂ ಹಾಗೆಯೇ ಹೊಡೆದವು, ಇಂದಿಗೂ ಸಲೀಸಾಗಿ ತೆರೆಯುತ್ತವೆ.