ಕೀಬೋರ್ಡ್‌ಗೆ ಮಿಡಿ ಫೈಲ್: ಎಲ್ಲಿ ಹುಡುಕೋದು, ನಮ್ಮ ಹಾಡಿಗೆ ಹೇಗೆ ಹೊಂದಿಸೋದು?

ಪ್ರಶ್ನೆ, ಮಂಡ್ಯದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಆರ್ಕೆಸ್ಟ್ರಾ. ಇಬ್ಬರು ಗಾಯಕರು, ಒಂದು ರಿದಮ್ ಪ್ಯಾಡ್, ನಾನು ಕೀಬೋರ್ಡ್. ಯಮಾಹಾ ಪಿಎಸ್ಆರ್-ಇ463 ಇದೆ. ಗಣೇಶನ ಹಬ್ಬದ ಸಮಯದಲ್ಲಿ ಸುತ್ತಲಿನ ಊರುಗಳಿಂದ ಕರೆ ಬರುತ್ತವೆ. ಹಳೆಯ ಕನ್ನಡ ಚಿತ್ರಗೀತೆಗಳ ಮಿಡಿ ಫೈಲ್ ಹುಡುಕುತ್ತಿದ್ದೇನೆ, ಸಿಗುವುದೇ ಕಡಿಮೆ. ಸಿಕ್ಕಿದ್ದನ್ನು ಪೆನ್‌ಡ್ರೈವ್‌ಗೆ ಹಾಕಿ ನುಡಿಸಿದರೆ ಒಂದರಲ್ಲಿ ಎಲ್ಲ ವಾದ್ಯವೂ ಪಿಯಾನೋ ಆಗುತ್ತದೆ. ಇನ್ನೊಂದರಲ್ಲಿ ಕೊಳಲು ಅಪಸ್ವರ. ಮತ್ತೊಂದನ್ನು ಕಂಪ್ಯೂಟರ್‌ನಲ್ಲಿ ಗಾಯಕಿಯ ಸ್ಕೇಲ್‌ಗೆ ಬದಲಿಸಿದೆ, ಡ್ರಮ್ಸ್ ಪೂರ್ತಿ ಬೇರೆಯಾಗಿದೆ. ನೀವೆಲ್ಲ ಏನು ಮಾಡುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ, ಮೈಸೂರಿನ ಕೀಬೋರ್ಡ್ ವಾದಕರಿಂದ

ಸರ್, ನೀವು ಹೇಳಿದ ಮೂರು ತೊಂದರೆಗೂ ಕಾರಣ ಬೇರೆ ಬೇರೆ. ಮೂರನ್ನೂ ಮನೆಯಲ್ಲೇ ಸರಿ ಮಾಡಬಹುದು.

ಮಿಡಿ ಫೈಲ್ ಒಳಗೆ ಶಬ್ದ ಇರುವುದಿಲ್ಲ. ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ, ಯಾವ ವಾದ್ಯದಲ್ಲಿ ಅನ್ನುವ ಸೂಚನೆ ಮಾತ್ರ ಇರುತ್ತದೆ. ಶಬ್ದ ಕೊಡುವುದು ನಿಮ್ಮ ಕೀಬೋರ್ಡ್. ಅದಕ್ಕೇ ಒಂದೇ ಫೈಲ್ ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಕೇಳಿಸುತ್ತದೆ. 1991ರಲ್ಲಿ ಬಂದ ಜನರಲ್ ಮಿಡಿ ನಿಯಮದಲ್ಲಿ 128 ವಾದ್ಯಗಳಿಗೆ ಒಂದೊಂದು ನಂಬರ್ ಕೊಟ್ಟಿದ್ದಾರೆ, 16 ಚಾನೆಲ್‌ಗಳಲ್ಲಿ (ಒಂದೊಂದು ವಾದ್ಯದ ಸೂಚನೆ ಹೋಗುವ ದಾರಿ) ಹತ್ತನೆಯದನ್ನು ಡ್ರಮ್ಸ್‌ಗೆ ಬಿಟ್ಟಿದ್ದಾರೆ. ಆ 128ರಲ್ಲಿ ನಮ್ಮ ದೇಶದ ವಾದ್ಯ ಅಂದರೆ 105ನೇ ಸಿತಾರ್, 112ನೇ ಶಹನಾಯಿ, ಅಷ್ಟೇ. ವೀಣೆ ಇಲ್ಲ, ನಾದಸ್ವರ ಇಲ್ಲ, ತಬಲಾ ಇಲ್ಲ. ಫೈಲ್ ಮಾಡಿದವರು ಆ ಜಾಗಕ್ಕೆ ಹತ್ತಿರದ್ದು ಯಾವುದೋ ಹಾಕಿರುತ್ತಾರೆ, ಇಲ್ಲವೇ ತಮ್ಮ ಕೀಬೋರ್ಡ್‌ನ ಬೇರೆ ಬ್ಯಾಂಕ್‌ನಿಂದ, ಅಂದರೆ ಹೆಚ್ಚುವರಿ ಶಬ್ದಗಳ ಗುಂಪಿನಿಂದ, ತೆಗೆದುಕೊಂಡಿರುತ್ತಾರೆ. ಹಾಗಾಗಿ ಯಾರ ಫೈಲ್ ತಂದರೂ ವಾದ್ಯಗಳನ್ನು ಒಂದೊಂದಾಗಿ ಕೇಳಿ, ನಿಮ್ಮ ಕೀಬೋರ್ಡ್‌ನಲ್ಲಿ ಚೆನ್ನಾಗಿರುವ ಶಬ್ದಕ್ಕೆ ಬದಲಿಸಲೇಬೇಕು.

ಎಲ್ಲ ಪಿಯಾನೋ ಆಗುವುದು ಯಾಕೆ ಅಂದರೆ, ವಾದ್ಯದ ನಂಬರ್ ಹೇಳುವ ಪ್ರೋಗ್ರಾಂ ಚೇಂಜ್ ಸೂಚನೆ ಫೈಲ್‌ನಲ್ಲಿ ಇಲ್ಲ, ಅಥವಾ ಜಾಗ ತಪ್ಪಿದೆ. ಎಷ್ಟೋ ಫೈಲ್‌ಗಳಲ್ಲಿ ಶುರುವಿನಲ್ಲೇ ಒಂದು ರೀಸೆಟ್ ಸೂಚನೆ ಇರುತ್ತದೆ. ರೀಸೆಟ್ ಆಗುವಾಗ ಕೀಬೋರ್ಡ್ ಎಲ್ಲ ಚಾನೆಲನ್ನೂ ಒಂದನೇ ವಾದ್ಯಕ್ಕೆ, ಅಂದರೆ ಪಿಯಾನೋಗೆ ತರುತ್ತದೆ. ಅದೇ ಕ್ಷಣದಲ್ಲಿ ವಾದ್ಯದ ನಂಬರ್ ಬಂದರೆ ಅದು ಕಳೆದುಹೋಗುತ್ತದೆ. ಹಾಡು ಶುರುವಾಗುವ ಮೊದಲು ಒಂದು ಖಾಲಿ ಬಾರ್, ಅಂದರೆ ತಾಳದ ಒಂದು ಸುತ್ತು, ಸೇರಿಸಿ. ಮೊದಲು ರೀಸೆಟ್, ಸ್ವಲ್ಪ ಬಿಟ್ಟು ವಾದ್ಯದ ನಂಬರ್‌ಗಳು, ಆಮೇಲೆ ವಾಲ್ಯೂಮ್, ಎರಡನೇ ಬಾರ್‌ನಿಂದ ಸಂಗೀತ. ಇಷ್ಟು ಮಾಡಿದರೆ ಸರಿಹೋಗುತ್ತದೆ.

ಕೊಳಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಮ್ಮ ಹಾಡುಗಳಿಗೆ ಅದು ತುಂಬಾ ಮುಖ್ಯ. ಗಮಕ, ಜಾರು ಎಲ್ಲ ಪಿಚ್ ಬೆಂಡ್‌ನಿಂದ, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಸೂಚನೆಯಿಂದ, ಮಾಡಿರುತ್ತಾರೆ. ಬೆಂಡ್ ಚಕ್ರ ಪೂರ್ತಿ ತಳ್ಳಿದರೆ ಸ್ವರ ಎಷ್ಟು ಮೇಲೆ ಹೋಗಬೇಕು ಅನ್ನುವುದಕ್ಕೆ ಒಂದು ಸೆಟ್ಟಿಂಗ್ ಇದೆ. ಮಾಮೂಲಾಗಿ ಅದು ಎರಡು ಸೆಮಿಟೋನ್ (ಒಂದು ಕೀಯಿಂದ ಪಕ್ಕದ ಕೀಗೆ ಒಂದು ಸೆಮಿಟೋನ್). ಫೈಲ್ ಮಾಡಿದವರು ದೊಡ್ಡ ಜಾರು ಬೇಕು ಅಂತ 12 ಇಟ್ಟುಕೊಂಡು ನುಡಿಸಿ, ಆ ಸೆಟ್ಟಿಂಗ್ ಅನ್ನು ಫೈಲ್‌ನಲ್ಲಿ ಬರೆಯದೆ ಬಿಟ್ಟಿದ್ದಾರೆ ಅಂದುಕೊಳ್ಳಿ. ಆಗ ಪಂಚಮದಿಂದ ಮೇಲಿನ ಷಡ್ಜಕ್ಕೆ ಜಾರಬೇಕಾದ ಕೊಳಲು ನಿಮ್ಮ ಕೀಬೋರ್ಡ್‌ನಲ್ಲಿ ಶುದ್ಧ ಧೈವತವನ್ನೂ ಮುಟ್ಟದೆ ಮಧ್ಯದಲ್ಲೇ ನಿಲ್ಲುತ್ತದೆ. ಕೇಳುವವರಿಗೆ ಅದು ಅಪಸ್ವರವೇ. ಕೊಳಲಿನ ಚಾನೆಲ್ ಶುರುವಿನಲ್ಲಿ ಮೂರು ಕಂಟ್ರೋಲ್ ಸೂಚನೆ (ಸೆಟ್ಟಿಂಗ್ ಬದಲಿಸುವ, ನಂಬರ್ ಇರುವ ಸೂಚನೆ) ಸೇರಿಸಿ: 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 12. ಈ ಕ್ರಮದಲ್ಲೇ ಇರಬೇಕು. 12 ಸರಿ ಬರದಿದ್ದರೆ 7 ಅಥವಾ 5 ಹಾಕಿ ನೋಡಿ, ಕಿವಿಗೇ ಗೊತ್ತಾಗುತ್ತದೆ.

ಡ್ರಮ್ಸ್ ಕೆಟ್ಟಿದ್ದು ಸ್ಕೇಲ್ ಬದಲಿಸುವಾಗ ಹತ್ತನೇ ಚಾನೆಲ್ಲೂ ಜೊತೆಗೆ ಹೋದ ಕಾರಣ. ಡ್ರಮ್ಸ್‌ನಲ್ಲಿ ಒಂದೊಂದು ಕೀ ಒಂದೊಂದು ವಾದ್ಯ. 36 ಬಾಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈ-ಹ್ಯಾಟ್. ಎಲ್ಲವನ್ನೂ ಎರಡು ಸೆಮಿಟೋನ್ ಮೇಲೆತ್ತಿದರೆ 36 ಹೋಗಿ 38 ಆಗುತ್ತದೆ. ಬಾಸ್ ಡ್ರಮ್ ಬರಬೇಕಾದ ಕಡೆಯೆಲ್ಲ ಸ್ನೇರ್ ಹೊಡೆಯುತ್ತದೆ! ಹತ್ತನೇ ಚಾನೆಲ್ ಬಿಟ್ಟು ಉಳಿದದ್ದನ್ನು ಮಾತ್ರ ಬದಲಿಸಿ. ಅದಕ್ಕಿಂತ ಸುಲಭ ಅಂದರೆ ಫೈಲ್ ಮುಟ್ಟದೆ ಕೀಬೋರ್ಡ್‌ನ ಟ್ರಾನ್ಸ್‌ಪೋಸ್ ಬಳಸುವುದು. ಅದು ಡ್ರಮ್ಸ್ ತಂಟೆಗೆ ಹೋಗುವುದಿಲ್ಲ.

ಇನ್ನೊಂದು ಮಾತು. ಮಿಕ್ಸರ್‌ನಲ್ಲಿ ವಯಲಿನ್ ತಗ್ಗಿಸಿದರೂ ಚರಣಕ್ಕೆ ಬರುವಾಗ ಮತ್ತೆ ಜೋರಾಗುತ್ತದೆ, ಅಲ್ವಾ? ಫೈಲ್ ಮಧ್ಯೆ ಮಧ್ಯೆ ವಾಲ್ಯೂಮ್ ಸೂಚನೆ, ಅಂದರೆ ಕಂಟ್ರೋಲ್ 7, ಇದ್ದರೆ ಹೀಗಾಗುತ್ತದೆ. ಶುರುವಿನದ್ದು ಒಂದು ಇಟ್ಟುಕೊಂಡು ಉಳಿದವನ್ನು ಅಳಿಸಿ. ಏರಿಳಿತಕ್ಕೆ ಇರುವ ಕಂಟ್ರೋಲ್ 11 ಮಾತ್ರ ಹಾಗೇ ಇರಲಿ, ಅದು ಹೋದರೆ ಹಾಡು ಸಪ್ಪೆ.

ಈ ಕೆಲಸಕ್ಕೆ ಕಂಪ್ಯೂಟರ್‌ನಲ್ಲಿ ಅನ್ವಿಲ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ. ನಾನು ಈಗ ರೀಪರ್ ಬಳಸುತ್ತೇನೆ. ಮ್ಯೂಸ್‌ಸ್ಕೋರ್ ನೊಟೇಶನ್ ನೋಡಲು ಒಳ್ಳೆಯದು, ಆದರೆ ಅದರಲ್ಲಿ ತೆರೆದು ಮತ್ತೆ ಮಿಡಿಯಾಗಿ ಉಳಿಸಬೇಡಿ. ನೊಟೇಶನ್‌ಗೆ ಹೊಂದಿಸಲು ಅದು ಸ್ವರಗಳ ಸಮಯವನ್ನು ನೇರ ಮಾಡುತ್ತದೆ. ಹಾಡಿನ ನಡೆಯಲ್ಲಿದ್ದ ಚೂರು ಹಿಂದೆ ಮುಂದೆ ಎಲ್ಲ ಹೋಗಿಬಿಡುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ಮುಖ್ಯ ಸಲಹೆ ಬೇರೆ. ಫೈಲನ್ನು ತುಂಬಿಸಬೇಡಿ, ಖಾಲಿ ಮಾಡಿ. ಬಾಸ್, ಕಾರ್ಡ್ಸ್, ರಿದಮ್ ಸರಿಯಾಗಿರುವ ಫೈಲ್ ಸಿಕ್ಕರೆ ಅದೇ ದೊಡ್ಡದು. ಹಾಡಿನ ಮೆಲೊಡಿ ತೆಗೆಯಿರಿ, ಅದು ಗಾಯಕರದ್ದು. ಕೊಳಲು, ವಯಲಿನ್ ಬಿಜಿಎಂ ತೆಗೆಯಿರಿ, ಅದನ್ನು ನೀವು ಕೈಯಲ್ಲಿ ನುಡಿಸಿ. ಮುಂದೆ ಕೂತ ಜನ ನೋಡಲು ಬಂದಿರುವುದು ನಿಮ್ಮ ಕೈಯನ್ನ. ನುಡಿಸಲು ಏನೂ ಉಳಿಯದಷ್ಟು ತುಂಬಿದ ಫೈಲ್‌ನಿಂದ ಒಬ್ಬ ಕಲಾವಿದನಿಗೆ ಏನೂ ಲಾಭವಿಲ್ಲ.

ಉತ್ತರ, ಮೈಸೂರಿನಲ್ಲಿ ಸುಗಮ ಸಂಗೀತ ಕಲಿಸುವವರಿಂದ

ಹುಡುಕುವುದರ ಬಗ್ಗೆ ನಾನು ಹೇಳುತ್ತೇನೆ. ಕನ್ನಡದ ಹೆಸರಲ್ಲಿ ಹುಡುಕಿದರೆ ಸಿಗುವುದು ನಿಜಕ್ಕೂ ಕಡಿಮೆ. ಆದರೆ ಎಷ್ಟೋ ರಾಗಗಳು ತಮಿಳು, ತೆಲುಗು, ಹಿಂದಿಯಲ್ಲೂ ಬಂದಿವೆ. ರೀಮೇಕ್ ಚಿತ್ರಗಳಲ್ಲಿ ಅಂತೂ ಜಾಸ್ತಿ. ಆ ಭಾಷೆಯ ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹುಡುಕಿ. ಕಾಗುಣಿತ ಎರಡು ಮೂರು ಥರ ಬದಲಿಸಿ ನೋಡಿ. ಮಿಡಿ ಕರೋಕೆ ಫೈಲ್‌ಗಳಿಗೆ ಕೊನೆಯಲ್ಲಿ ಕೆಎಆರ್ ಅಂತ ಇರುತ್ತದೆ, ಅವೂ ಮಿಡಿಯೇ, ಸಾಹಿತ್ಯ ಸೇರಿಸಿದ್ದಾರೆ ಅಷ್ಟೇ.

ಒಂದು ಎಚ್ಚರ. ಮಿಡಿ ಫೈಲ್ ತುಂಬಾ ಸಣ್ಣದು, ಸಾಮಾನ್ಯವಾಗಿ ಕೆಲವೇ ಹತ್ತು ಕೆಬಿ. ಡೌನ್‌ಲೋಡ್ ಮಾಡಿದ್ದು ಹಲವು ಎಂಬಿ ಇದ್ದರೆ, ಅಥವಾ ಇನ್‌ಸ್ಟಾಲ್ ಮಾಡಿ ಅಂತ ಕೇಳಿದರೆ ತೆರೆಯಲೇಬೇಡಿ.

ಎಲ್ಲೂ ಸಿಗದ ಹಾಡಿಗೆ ಈಗ ಒಂದು ದಾರಿ ಇದೆ. ಡೆಮಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಡಿನಿಂದ ದನಿ, ಡ್ರಮ್ಸ್, ಬಾಸ್, ಉಳಿದದ್ದು ಅಂತ ಬೇರೆ ಬೇರೆ ಮಾಡಿಕೊಡುತ್ತದೆ. ಹಾಗೆ ಬಿಡಿಸಿದ ಬಾಸ್ ಅಥವಾ ದನಿಯನ್ನು ಸ್ಪಾಟಿಫೈ ಕಂಪನಿ 2022ರಲ್ಲಿ ಬಿಟ್ಟ ಬೇಸಿಕ್ ಪಿಚ್‌ಗೆ ಕೊಟ್ಟರೆ ಮಿಡಿ ಮಾಡುತ್ತದೆ. ಇಡೀ ಹಾಡನ್ನು ಒಂದೇ ಸಲ ಕೊಡಬೇಡಿ, ಎಲ್ಲ ಕಲಸಿಹೋಗುತ್ತದೆ. ಒಂದೊಂದು ವಾದ್ಯ ಕೊಟ್ಟರೆ ಚೆನ್ನಾಗಿ ಬರುತ್ತದೆ, ಆದರೂ ಕೂತು ತಿದ್ದಬೇಕು. ಹಳೆಯ ರೆಕಾರ್ಡಿಂಗ್‌ಗಳಲ್ಲಿ ಲಯ ಅಲ್ಲಲ್ಲಿ ಚೂರು ಓಡುತ್ತದೆ, ಎಳೆಯುತ್ತದೆ. ಟೆಂಪೋವನ್ನು ಒಂದೇ ಅಂಕಿಗೆ ಕಟ್ಟುವ ಮೊದಲು ಪಲ್ಲವಿ, ಚರಣ ಎರಡನ್ನೂ ತಾಳ ಹಾಕಿ ಅಳೆದುಕೊಳ್ಳಿ.

ದುಡ್ಡು ಕೊಟ್ಟು ಮಾಡಿಸಿಕೊಂಡ ಫೈಲನ್ನು ಸುಮ್ನೆ ಎಲ್ಲರಿಗೂ ಕಳಿಸಬೇಡಿ. ಅದು ಒಬ್ಬರು ರಾತ್ರಿ ಕೂತು ಕಿವಿಯಿಂದ ಕೇಳಿ ಬರೆದ ಕೆಲಸ.

ಉತ್ತರ, ಮಳವಳ್ಳಿ ಕಡೆಯ ಪ್ಯಾಡ್ ವಾದಕರಿಂದ

ಅಣ್ಣ, ಪ್ಯಾಡ್ ಹೊಡೆಯುವವರ ಕಡೆಯಿಂದ ಒಂದು ಕೋರಿಕೆ. ಫೈಲ್‌ನಲ್ಲಿ ಢೋಲಕ್, ತಬಲಾ ಜಾಗಕ್ಕೆ ಬೊಂಗೋ, ಕಾಂಗೋ ಹಾಕಿರುತ್ತಾರೆ. ಹತ್ತನೇ ಚಾನೆಲ್‌ನಲ್ಲಿ 60ರಿಂದ 64ರವರೆಗೆ ಇರುವ ಸ್ವರಗಳು ಅವೇ. ಅವನ್ನು ತೆಗೆದುಬಿಡಿ. ನಾವು ಪ್ಯಾಡ್‌ನಲ್ಲಿ ಢೋಲಕ್ ಹೊಡೆಯುವಾಗ ಒಳಗಿಂದ ಇನ್ನೊಂದು ಬಂದರೆ ಎರಡೂ ಒಂದರ ಮೇಲೊಂದು ಬಿದ್ದು ಗಲೀಜಾಗುತ್ತದೆ. ಬಾಸ್ ಡ್ರಮ್, ಹೈ-ಹ್ಯಾಟ್ ಇರಲಿ. 81ರಲ್ಲಿರುವ ಟ್ರಯಾಂಗಲ್ ಇದ್ದರೆ ಅದೂ ಇರಲಿ, ಭಜನೆ ಹಾಡಿಗೆ ತಾಳದ ಥರ ಚೆನ್ನಾಗಿ ಕೂರುತ್ತದೆ.

ಹಾಡಿಗೆ ಮೊದಲು ಸೇರಿಸಿದ ಖಾಲಿ ಬಾರ್‌ನಲ್ಲಿ 37ರ ಸೈಡ್ ಸ್ಟಿಕ್ ನಾಲ್ಕು ಏಟು ಹಾಕಿ. ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳಬಹುದು. ಮೈದಾನದಲ್ಲಿ ಮಾನಿಟರ್ ಕೇಳಿಸದಿದ್ದರೂ ಆ ಟಕ್ ಟಕ್ ಕೇಳಿಸುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟ್ ಇರಲಿ, ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ. ಅದೇ ಫೈಲ್‌ಗಳಿರುವ ಇನ್ನೊಂದು ಪೆನ್‌ಡ್ರೈವ್ ಜೇಬಲ್ಲಿರಲಿ.

ಪ್ರಶ್ನೆ ಕೇಳಿದವರು ಮತ್ತೆ

ತುಂಬಾ ಉಪಕಾರವಾಯಿತು. ಪಿಚ್ ಬೆಂಡ್ 12 ಹಾಕಿದೆ, ಕೊಳಲು ಸರಿಯಾಯಿತು! ಇನ್ನೊಂದು ಕೇಳುತ್ತೇನೆ. ನಮ್ಮ ಕಡೆ ಮಾದಪ್ಪನ ಪದ ಕೇಳದೆ ಜನ ಬಿಡುವುದಿಲ್ಲ. ಅದಕ್ಕೂ ಮಿಡಿ ಮಾಡಿಕೊಳ್ಳಲೇ?

ಉತ್ತರ, ಮೈಸೂರಿನ ಕೀಬೋರ್ಡ್ ವಾದಕರಿಂದ

ಬೇಡ ಸರ್. ಮಾದಪ್ಪನ ಪದ ಹಾಡುವವರು ಜನ ಉಘೇ ಅಂದರೆ ಅಲ್ಲೇ ನಿಲ್ಲುತ್ತಾರೆ, ಒಂದು ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಮಿಡಿ ಫೈಲ್ ಯಾರಿಗೂ ಕಾಯುವುದಿಲ್ಲ. ಅಲ್ಲಿ ಸ್ಟೈಲ್ ಬೇಕು, ಅಂದರೆ ಕೀಬೋರ್ಡ್ ತಾನೇ ಮತ್ತೆ ಮತ್ತೆ ನುಡಿಸುವ ರಿದಮ್, ಬಾಸ್ ಹಿನ್ನೆಲೆ. ಎಡಗೈಯಲ್ಲಿ ಕಾರ್ಡ್ ಹಿಡಿದಿರುವಷ್ಟು ಹೊತ್ತೂ ಅದು ತಿರುಗುತ್ತಿರುತ್ತದೆ, ಮುಂದಿನ ಸಾಲಿಗೆ ಹೋದಾಗ ನೀವು ಕಾರ್ಡ್ ಬದಲಿಸಿದರೆ ಸಾಕು.

ಇ463ರಲ್ಲಿ ಹೊಸ ಸ್ಟೈಲ್ ರೆಕಾರ್ಡ್ ಮಾಡಲು ಆಗುವುದಿಲ್ಲ, ಆದರೆ ಹೊರಗಿನ ಸ್ಟೈಲ್ ಫೈಲ್ ಪೆನ್‌ಡ್ರೈವ್‌ನಿಂದ ಲೋಡ್ ಮಾಡಬಹುದು. ಸ್ಟೈಲ್ ಮಾಡುವ ಸೌಲಭ್ಯ ಇರುವ ದೊಡ್ಡ ಯಮಾಹಾ ಯಾರ ಹತ್ತಿರವಾದರೂ ಇದ್ದರೆ ಅದರಲ್ಲಿ ಮಾಡಿಸಿಕೊಳ್ಳಿ. ಅಲ್ಲಿ ಬಾಸ್ ಮತ್ತು ಕಾರ್ಡ್ ಭಾಗವನ್ನು ಸಿ ಮೇಜರ್ ಸೆವೆಂತ್‌ಗೆ ನುಡಿಸಬೇಕು, ಅದನ್ನೇ ಆಧಾರ ಮಾಡಿಕೊಂಡು ಕೀಬೋರ್ಡ್ ಬೇರೆ ಕಾರ್ಡ್‌ಗಳಿಗೆ ಬದಲಿಸಿಕೊಳ್ಳುತ್ತದೆ. ರಿದಮ್ ತೀರಾ ತೆಳುವಾಗಿರಲಿ, ಒಂದು ಬಾಸ್, ಒಂದು ತಾಳ ಅಷ್ಟೇ. ಕಂಸಾಳೆಯವರು ಜೊತೆಗಿದ್ದರೆ ತಾಳವನ್ನೂ ಮ್ಯೂಟ್ ಮಾಡಿ, ಲಯವನ್ನು ಅವರ ಕೈಗೇ ಬಿಡಿ.