ದಾಳಿಂಬೆ, ಮಾವಿನ ತೋಟಕ್ಕೆ ಯಾವ ಜೇನು? ಇಟ್ಟು ನೋಡಿದವರ ಅನುಭವ

ಯಲಬುರ್ಗಾ ತಾಲ್ಲೂಕಿನಿಂದ ಪ್ರಶ್ನೆ:
ನಾಲ್ಕು ಎಕರೆ ಭಗವಾ ದಾಳಿಂಬೆ, ಪಕ್ಕದಲ್ಲಿ ಒಂದೂವರೆ ಎಕರೆ ಕೇಸರ್ ಮಾವು ಇದೆ. ದಾಳಿಂಬೆ ಸೊಂಪಾಗಿ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಬೆಳಿಗ್ಗೆ ಹೋದರೆ ಗಿಡದ ಬುಡದಲ್ಲಿ ಕೆಂಪು ಹಾಸಿಗೆ. ಜೇನು ಪೆಟ್ಟಿಗೆ ಇಡು ಎನ್ನುತ್ತಾರೆ. ತುಡುವೆಯೋ (ನಮ್ಮ ನಾಡಿನ ಪೆಟ್ಟಿಗೆ ಜೇನು), ಮೆಲ್ಲಿಫೆರಾವೋ (ಹೊರದೇಶದಿಂದ ಬಂದ ಪೆಟ್ಟಿಗೆ ಜೇನು), ಮುಜಂಟಿಯೋ (ಕುಟುಕದ ಪುಟ್ಟ ಜೇನು)? ಇಟ್ಟವರು ಹೇಳಿ.

ಕುಷ್ಟಗಿ ಕಡೆಯಿಂದ:
ಅಣ್ಣ, ದುಡ್ಡು ಬಿಚ್ಚುವ ಮೊದಲು ಆ ಉದುರಿದ ಹೂವುಗಳಲ್ಲಿ ಒಂದು ಬೊಗಸೆ ಎತ್ತಿಕೊಂಡು ಬುಡ ನೋಡಿ. ಬುಡ ಕಿರಿದಾಗಿ ಲಾಳಿಕೆಯಂತಿದ್ದರೆ ಅದು ಗಂಡು ಹೂವು. ಉದುರುವುದೇ ಅದರ ಹಣೆಬರಹ, ಯಾವ ಜೇನು ಬಂದರೂ ಅದು ಕಾಯಾಗುವುದಿಲ್ಲ. ಬುಡ ಪುಟ್ಟ ಗಡಿಗೆಯಂತೆ ಉಬ್ಬಿದ್ದರೆ ಮಾತ್ರ ಕಾಯಾಗುವ ಹೂವು. ಗಡಿಗೆಗಳೇ ಹೆಚ್ಚು ಉದುರುತ್ತಿದ್ದರೆ ಆಗ ಜೇನಿನ ಮಾತು ಎತ್ತೋಣ.

ನಾನು ಇದನ್ನು ನೋಡದೆಯೇ ಗಾಬರಿಬಿದ್ದು ಮಲೆನಾಡಿನಿಂದ ಆರು ಪೆಟ್ಟಿಗೆ ತುಡುವೆ ತಂದಿದ್ದೆ. ಫೆಬ್ರುವರಿಯಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿದ್ದವು. ಏಪ್ರಿಲ್ ಬಂತು, ಬಿಸಿಲು 40 ದಾಟಿತು, ಹೂವೂ ಮುಗಿದಿತ್ತು. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಒಂದು ಹುಳುವೂ ಇಲ್ಲ. ನಾಲ್ಕು ಕುಟುಂಬಗಳು ಎದ್ದು ಹೋಗಿದ್ದವು, ಉಳಿದೆರಡರ ಎರಿಯನ್ನು (ಮೇಣದ ಹಲ್ಲೆಯನ್ನು) ಮೇಣದ ಪತಂಗದ ಮರಿಗಳು ತಿಂದು ಬಲೆ ಕಟ್ಟಿದ್ದವು. ಮಾರಿದವರನ್ನು ಕೇಳಿದರೆ 'ನೆರಳು, ನೀರು ಇಟ್ಟಿರಲಿಲ್ಲವೇ?' ಎಂದರು. ಅದನ್ನು ಮಾರುವ ದಿನವೇ ಹೇಳಬಹುದಿತ್ತು.

ಮರುವರ್ಷ ಸುಮ್ಮನೆ ಬೆಳಿಗ್ಗೆ ಗಿಡದ ಪಕ್ಕ ಕುಳಿತು ಯಾರು ಬರುತ್ತಾರೆ ಎಂದು ನೋಡಿದೆ. ಬಂದದ್ದು ಹೆಚ್ಚಾಗಿ ಕೋಲುಜೇನು. ನೊಣಕ್ಕಿಂತ ಸ್ವಲ್ಪ ದೊಡ್ಡದು, ಹೊಟ್ಟೆಯ ಬುಡದಲ್ಲಿ ಇಟ್ಟಿಗೆಯ ಬಣ್ಣ. ಹೂವಿನ ಕೇಸರದ ನಡುವೆ ತಲೆಕೆಳಗಾಗಿ ಹೊರಳಾಡಿ, ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಮುಂದಿನ ಹೂವಿಗೆ ಹೋಗುತ್ತಿತ್ತು. ಅದರ ಗೂಡು ನಮ್ಮ ಜಾಲಿ ಬೇಲಿಯಲ್ಲೇ ಇತ್ತು, ಅಂಗೈಯಗಲದ ಒಂದೇ ಎರಿ. ಪ್ರತಿ ವರ್ಷ ಬೇಲಿ ಸವರುವಾಗ ಅದನ್ನೇ ಸುಟ್ಟು ಓಡಿಸುತ್ತಿದ್ದೆವು! ನಮ್ಮ ಬಿಸಿಲಿಗೆ ಹುಟ್ಟಿದ ಹುಳು ಅದು. ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ, ಬಿಟ್ಟರೆ ಸಾಕು.

ಇನ್ನು ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು. ಥ್ರಿಪ್ಸ್‌ಗೆಂದು (ರಸ ಹೀರುವ ಸಣ್ಣ ಹುಳು) ಬೆಳಿಗ್ಗೆ ಪಂಪು ಹೊತ್ತು ಹೊರಟರೆ ಜೇನು ಹೂವಿನ ಮೇಲೆ ಕುಳಿತಿರುವ ಹೊತ್ತಿಗೇ ವಿಷ ಬೀಳುತ್ತದೆ. ಹೊಡೆಯಲೇಬೇಕಾದರೆ ಹೊತ್ತು ಮುಳುಗಿದ ಮೇಲೆ. ಆದರೆ ಇಮಿಡಾಕ್ಲೋಪ್ರಿಡ್‌ನಂಥದ್ದಕ್ಕೆ ಈ ಲೆಕ್ಕ ನಡೆಯುವುದಿಲ್ಲ, ಅದು ಗಿಡದ ರಸಕ್ಕೇ ಇಳಿದು ಪರಾಗದವರೆಗೂ ಹೋಗುತ್ತದೆ. ಹೂವಿನ ಕಾಲದಲ್ಲಿ ಅದರ ಡಬ್ಬಿಯನ್ನೇ ಮುಟ್ಟಬೇಡಿ.

ಗಂಗಾವತಿಯಿಂದ:
ಮೇಲಿನವರ ಮಾತಿಗೆ ನನ್ನದೂ ಸೇರಿಸಿ. ಆದರೆ ಪೆಟ್ಟಿಗೆಯೇ ಬೇಡ ಎಂಬುದನ್ನು ಒಪ್ಪುವುದಿಲ್ಲ. ಬೇಲಿಯಿಲ್ಲದ, ಸುತ್ತಲೂ ಬರೀ ಹೊಲವಿರುವ ಕಡೆ ಕೋಲುಜೇನು ಎಲ್ಲಿಂದ ಬರಬೇಕು? ನಾನು ಹೂವಿನ ಕಾಲಕ್ಕೆ ಮಾತ್ರ ಮೆಲ್ಲಿಫೆರಾ ಬಾಡಿಗೆಗೆ ತರಿಸುತ್ತೇನೆ. ಹತ್ತರಲ್ಲಿ ಒಂದು ಹೂವಾದರೂ ಅರಳಿದ ಮೇಲೆ, ರಾತ್ರಿ ಬಾಗಿಲು ಮುಚ್ಚಿ ಸಾಗಿಸಿ ಇಡಬೇಕು. ಮೊದಲೇ ಇಟ್ಟರೆ ಬೇರೆ ಹೂವಿನ ರುಚಿ ಹತ್ತಿಬಿಡುತ್ತದೆ. ದಾಳಿಂಬೆ ಹೂವಿನಲ್ಲಿ ಪರಾಗ ಹೇರಳ, ಮಕರಂದ ಕಡಿಮೆ. ಎರಡು ಕಿಲೋಮೀಟರಿನೊಳಗೆ ಸೂರ್ಯಕಾಂತಿ ಅರಳಿತ್ತೋ, ನಿಮ್ಮ ಬಾಡಿಗೆಯ ಹುಳುಗಳು ಪಕ್ಕದವರ ಹೊಲದಲ್ಲಿ ದುಡಿಯುತ್ತವೆ. ಒಂದು ಸಲ ನನಗೆ ಹೀಗೇ ಆಯಿತು. ಪಕ್ಕದ ಹೊಲದ ಕಾಕಾ ಕಾಳು ಚೆನ್ನಾಗಿ ತುಂಬಿದೆ ಎಂದು ಕರೆದು ಚಹಾ ಕುಡಿಸಿದರು, ಬಾಡಿಗೆಯಲ್ಲಿ ಪಾಲು ಮಾತ್ರ ಕೊಡಲಿಲ್ಲ.

ಮಾವಿಗೆ ಮುಜಂಟಿ ಇಡಿ. ಕುಟುಕುವುದಿಲ್ಲ, ಕೆಲವು ನೂರು ಮೀಟರಿನಾಚೆ ಹೋಗುವುದಿಲ್ಲ, ಆದ್ದರಿಂದ ನಿಮ್ಮ ತೋಟದಲ್ಲೇ ಇರುತ್ತದೆ. ಜೇನುತುಪ್ಪದ ಆಸೆ ಬೇಡ, ವರ್ಷಕ್ಕೆ ಸಿಗುವುದು ಗ್ರಾಂ ಲೆಕ್ಕದಲ್ಲಿ. ಮಾವಿನ ಹೂವಿಗೆ ನೊಣಗಳೂ ಬಹಳ ಕೆಲಸ ಮಾಡುತ್ತವೆ. ಮರದ ಹತ್ತಿರದ ತಿಪ್ಪೆಯನ್ನು ಹೂವಿನ ಕಾಲದಲ್ಲಿ ಎತ್ತಿಸಬೇಡಿ. ಮನೆಯವರು ಮೂಗು ಮುರಿಯುತ್ತಾರೆ, ಮುರಿಯಲಿ.

ಸಿಂಧನೂರಿನಿಂದ:
ಯಾವ ಜೇನಾದರೂ ನೀರು ಇಡುವುದನ್ನು ಮರೆಯಬೇಡಿ. ಅಗಲ ಬಾಯಿಯ ಮಣ್ಣಿನ ತಟ್ಟೆ, ಅದರಲ್ಲಿ ಬೆಣಚುಕಲ್ಲು. ಕಲ್ಲಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಹತ್ತುವುದಿಲ್ಲ. ನೀರಿನ ಟ್ಯಾಂಕಿಗೆ ಹೆಜ್ಜೇನು ಕಟ್ಟಿದ್ದರೆ ಅದರ ತಂಟೆಗೆ ಹೋಗದೆ, ಆಳುಗಳಿಗೆ ಆ ಕಡೆ ಹೊಗೆ ಹಾಕಬೇಡಿ ಎಂದು ಮೊದಲೇ ಹೇಳಿಡಿ.

ಯಲಬುರ್ಗಾದಿಂದ ಮತ್ತೆ:
ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆ ಮಗಳೂ ನಾನೂ ಕುಳಿತು ಉದುರಿದ ನೂರು ಹೂವು ಎಣಿಸಿದೆವು: 78 ಲಾಳಿಕೆ, 22 ಗಡಿಗೆ. ಪೆಟ್ಟಿಗೆಗೆ ಕೊಟ್ಟಿದ್ದ ಮುಂಗಡ ವಾಪಸ್ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಬೇಲಿಯಲ್ಲಿ ಕೋಲುಜೇನು ಎರಡು ಇವೆ. ಸೋಮವಾರ ಬೇಲಿ ಸವರಲು ಬರಬೇಕಿದ್ದವರಿಗೆ ಬೇಡವೆಂದು ಫೋನ್ ಮಾಡಿದೆ.